ಆ ಬೂದು ಮೋಡದ ಹೆಸರಿಗೆ ಏನರ್ಥ?

ಪ್ರಶ್ನೆ: ಕೆಲವು ದಿನ ಬೆಳಗ್ಗೆ ಎದ್ರೆ ಆಕಾಶ ಪೂರ್ತಿ ಒಂದೇ ಬೂದು ಬಣ್ಣ, ಮೋಡ ಎಲ್ಲಿ ಶುರು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ, ಮಳೆ ಈಗ ಬರತ್ತೆ ಆಗ ಬರತ್ತೆ ಅಂತ ಕಾದಿದ್ದೇ ಬಂತು. ಇದಕ್ಕೆ ಸ್ಟ್ರೇಟಸ್ ಅಂತಾರಂತೆ. ಹಾಗಂದ್ರೇನು, ಇದು ಮಳೆ ಮೋಡ ಹೌದಾ ಅಲ್ವಾ?

ಉತ್ತರ: ಸ್ಟ್ರೇಟಸ್ ಲ್ಯಾಟಿನ್ ಪದ. ಹರಡಿದ್ದು, ಚಾಪೆ ಥರ ಹಾಸಿದ್ದು ಅಂತ ಅರ್ಥ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೋವರ್ಡ್ ಅನ್ನೋರು ಮೋಡಗಳಿಗೆ ಹೆಸರಿಟ್ರು, ಅವರ ಕಸುಬು ಔಷಧಿ ರಾಸಾಯನಿಕ ತಯಾರಿಸೋದು, ಮೋಡ ನೋಡೋದು ಬರೀ ಆಸಕ್ತಿಗೆ. ರಾಶಿ ಬಿದ್ದಿದ್ದಕ್ಕೆ ಕ್ಯುಮುಲಸ್, ಗುಂಗುರು ಕೂದಲಿನ ಎಳೆ ಥರದ್ದಕ್ಕೆ ಸಿರಸ್, ಹಾಸಿಕೊಂಡಿದ್ದಕ್ಕೆ ಸ್ಟ್ರೇಟಸ್. ಅದೇ ವರ್ಷ ಫ್ರಾನ್ಸಿನ ವಿಜ್ಞಾನಿ ಲಮಾರ್ಕ್ ಕೂಡ ಫ್ರೆಂಚಲ್ಲಿ ಬೇರೆ ಹೆಸರು ಕೊಟ್ಟಿದ್ರು, ಅವು ಉಳೀಲಿಲ್ಲ.

ನನಗೆ ಈ ಹೆಸರು ತುಂಬಾ ಹಿಡಿಸೋದು ಯಾಕಂದ್ರೆ ಮೋಡ ಹುಟ್ಟೋ ರೀತೀನೂ ಅದರಲ್ಲೇ ಇದೆ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಗಾಳಿ ತಣ್ಣಗಾಗತ್ತೆ, ಆದ್ರೆ ಕೆಲವೊಮ್ಮೆ ಕೆಳಗೆ ತಣ್ಣನೆ ತೇವದ ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ ಬಂದು ಕೂತುಬಿಡತ್ತೆ, ಆಗ ಕೆಳಗಿನ ಗಾಳಿ ಅದನ್ನ ದಾಟಿ ಮೇಲೇರೋಕಾಗಲ್ಲ, ಅಲ್ಲಿ ಕಟ್ಟಿದ ಮೋಡಕ್ಕೆ ಅಡ್ಡಡ್ಡ ಹರಡಿಕೊಳ್ಳೋದು ಬಿಟ್ಟು ಬೇರೆ ದಾರೀನೇ ಇಲ್ಲ. ಹಾಗಾಗಿ ಗೋಪುರ ಇಲ್ಲ, ಗುಡುಗು ಸಿಡಿಲಿಲ್ಲ. ಇದರ ತಳ ಹೆಚ್ಚೆಂದ್ರೆ ಸುಮಾರು 2 ಕಿಲೋಮೀಟರ್ ಎತ್ತರ, ಎಷ್ಟೋ ಸಲ ಇನ್ನೂ ತುಂಬಾ ಕೆಳಗೇ. ಅಸಲಿಗೆ ಹೋವರ್ಡ್ ಸ್ಟ್ರೇಟಸ್ ಅಂದಿದ್ದು ಸಂಜೆ ಕಣಿವೆ, ಕೆರೆ ಮೇಲೆ ಹರಡೋ ಮಂಜಿಗೆ. ಈಗ ನೆಲಕ್ಕೆ ತಾಗಿದ್ರೆ ಮಂಜು, ಮೇಲಿದ್ರೆ ಸ್ಟ್ರೇಟಸ್ ಅಂತ ಬೇರೆ ಮಾಡಿದ್ದಾರೆ ಅಷ್ಟೇ. ಬೆಟ್ಟದ ಬುಡದಲ್ಲಿ ನಿಂತವರು ಮೋಡ ಅಂತಾರೆ, ಅದೇ ಹೊತ್ತಲ್ಲಿ ತುದಿಯಲ್ಲಿರೋರು ಮಂಜು ಮುಸುಕಿದೆ ಅಂತಾರೆ, ಇಬ್ಬರೂ ಸರೀನೇ.

ಬೂದು ಬಣ್ಣ ಕೊಳೆಯಿಂದ ಬಂದಿದ್ದಲ್ಲ. ಸಣ್ಣ ಸಣ್ಣ ನೀರಿನ ಹನಿಗಳು ಬೆಳಕನ್ನ ಚದುರಿಸಿ ಬಹಳಷ್ಟನ್ನ ಮೇಲಕ್ಕೇ ಕಳಿಸ್ತವೆ, ನಮಗೆ ಸಿಗೋದು ಉಳಿದಿದ್ದು. ವಿಮಾನದಿಂದ ನೋಡಿದ್ರೆ ಅದೇ ಮೋಡ ಕಣ್ಣು ಕುಕ್ಕೋಷ್ಟು ಬೆಳ್ಳಗಿರತ್ತೆ.

ಇನ್ನು ಮಳೆ. ಈ ಮೋಡ ತೆಳು, ಹನಿ ದಪ್ಪ ಆಗೋಕೆ ಜಾಗ ಸಾಲಲ್ಲ, ಬಿದ್ರೆ 0.5 ಮಿಲಿಮೀಟರ್‌ಗಿಂತ ಸಣ್ಣ ಹನಿಯ ತುಂತುರು, ಬಟ್ಟೆ ಒದ್ದೆ ಆಗಿದ್ದು ಆಮೇಲೆ ಗೊತ್ತಾಗತ್ತೆ. ಗಂಟೆಗಟ್ಟಲೆ ಬಿಡದೆ ಸುರಿಯೋದು ನಿಂಬೋಸ್ಟ್ರೇಟಸ್, ನಿಂಬಸ್ ಅಂದ್ರೆ ಮಳೆಮೋಡ. ಅದು ದಪ್ಪ, ಸೂರ್ಯ ಎಲ್ಲಿದಾನೆ ಅಂತಾನೂ ತಿಳಿಯಲ್ಲ. ತೆಳು ಸ್ಟ್ರೇಟಸ್ ಆದ್ರೆ ಸೂರ್ಯ ದುಂಡಗೆ ಅಂಚು ಸಮೇತ ಕಾಣ್ತಾನೆ (ದಿಟ್ಟಿಸಿ ಮಾತ್ರ ನೋಡಬೇಡಿ, ಕಣ್ಣಿಗೆ ಅಪಾಯ).

ಪ್ರಶ್ನೆ: ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲಿ ಹೋಗತ್ತೆ?

ಉತ್ತರ: ಎಲ್ಲೂ ಹೋಗಲ್ಲ, ಆವಿ ಆಗತ್ತೆ. ಬಿಸಿಲು ಒಂದಿಷ್ಟು ತೂರಿಬಂದು ನೆಲ ಕಾದ್ರೆ ಕೆಳಗಿನ ಗಾಳೀನೂ ಬೆಚ್ಚಗಾಗತ್ತೆ, ಮೋಡ ಹರಿದು ಚಿಂದಿ ಚಿಂದಿ ಆಗಿ ಕರಗತ್ತೆ. ಚಳಿಗಾಲದಲ್ಲಿ ಬಿಸಿಲಿಗೆ ಅಷ್ಟು ಬಲ ಇರದ ಕಡೆ ದಿನಗಟ್ಟಲೆ ಹಾಗೇ ಕೂತಿರೋದೂ ಉಂಟು.