ಹಿತ್ತಲಿನ ಹೆಗ್ಗಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ಇರುವುದು ಶಿವಮೊಗ್ಗದ ಹೊರವಲಯದಲ್ಲಿ. ಹಿತ್ತಲಿನಲ್ಲಿ ಗೆಣಸು, ಕೆಸು, ಬದನೆ, ಒಂದೆರಡು ಬಾಳೆ ಇವೆ. ಮೂರು ತಿಂಗಳಿಂದ ಗೆಣಸಿನ ಪಾತಿಯನ್ನು ಯಾರೋ ರಾತ್ರಿಯಿಡೀ ಅಗೆದಂತೆ ಕಾಣುತ್ತದೆ. ಕಾಂಪೌಂಡಿನ ಬುಡದಲ್ಲಿ ಬಿಲಗಳೂ ಅವುಗಳ ಬಾಯಲ್ಲಿ ಮಣ್ಣಿನ ಗುಪ್ಪೆಗಳೂ ಎದ್ದಿವೆ. ಅಂಗಡಿಯಿಂದ ತಂದ ಕಪ್ಪು ಪುಡಿಯ ಪಾಷಾಣವನ್ನು ಅನ್ನದಲ್ಲಿ ಕಲಸಿ ಇಟ್ಟಾಗ ಮೊದಲ ರಾತ್ರಿ ಒಂದು ಸತ್ತಿತು, ಆಮೇಲೆ ಯಾವುದೂ ಮೂಸಿಯೂ ನೋಡಲಿಲ್ಲ. ಮನೆಯಲ್ಲಿ ಬೆಕ್ಕಿದೆ, ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ವಿಷವಿಲ್ಲದೆ ಇವುಗಳ ಕಾಟ ತಪ್ಪಿಸಲು ಸಾಧ್ಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಬರೆದಿರುವ ಗುರುತುಗಳನ್ನು ನೋಡಿದರೆ ಇದು ಮನೆಯ ಅಟ್ಟದಲ್ಲಿ ಓಡಾಡುವ ಇಲಿಯಲ್ಲ, ಹೆಗ್ಗಣ. ಮನೆಯ ಇಲಿಯ ಬಾಲ ದೇಹಕ್ಕಿಂತ ಉದ್ದವಾಗಿರುತ್ತದೆ, ಅದು ಹತ್ತುವುದರಲ್ಲಿ ನಿಪುಣ. ಹೆಗ್ಗಣವಾದರೋ ನೆಲ ಅಗೆಯುವ ಪ್ರಾಣಿ. ಅಗೆದ ಮಣ್ಣನ್ನು ಬಿಲದ ಬಾಯಿಗೆ ತಳ್ಳಿ ಗುಪ್ಪೆ ಮಾಡುವುದು, ರೇಗಿಸಿದರೆ ಮೈಗೂದಲು ನಿಮಿರಿಸಿ ಗುರುಗುಡುವುದು ಅದರ ಸ್ವಭಾವ. ತೆಲುಗಿನವರು ಇದನ್ನು ‘ಪಂದಿಕೊಕ್ಕು’, ಎಂದರೆ ಹಂದಿ ಇಲಿ, ಎಂದು ಕರೆಯುತ್ತಾರೆ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಹುಟ್ಟಿದ್ದು ಆ ಮಾತಿನಿಂದಲೇ. ನಿಮ್ಮ ಗೆಣಸಿನ ಪಾತಿಯನ್ನು ನೋಡಿದವರಿಗೆ ಆ ಹೆಸರು ಏಕೆ ಬಂತೆಂದು ವಿವರಿಸಬೇಕಾಗಿಲ್ಲ.

ಮೊದಲು ಆ ಕಪ್ಪು ಪುಡಿಯ ವಿಚಾರ. ಅದು ಬಹುತೇಕ ಸತುವಿನ ಫಾಸ್ಫೈಡ್ ಆಗಿರಬೇಕು. ಹೊಟ್ಟೆಯ ಆಮ್ಲಕ್ಕೆ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ, ಕೆಲವೇ ಗಂಟೆಗಳಲ್ಲಿ ಪ್ರಾಣಿ ಸಾಯುತ್ತದೆ. ತೊಡಕು ಇರುವುದು ಆ ವೇಗದಲ್ಲೇ. ಹೊಸ ತಿನಿಸನ್ನು ಕಂಡರೆ ಇಲಿ ಜಾತಿಯವು ಒಂದು ಚೂರು ಮಾತ್ರ ತಿಂದು ನೋಡುತ್ತವೆ; ಹಾಗೆ ಚೂರು ತಿಂದು ಹೊಟ್ಟೆ ಕೆಟ್ಟು ಬದುಕಿ ಉಳಿದದ್ದು, ಆ ತಿನಿಸಿಗೂ ತನ್ನ ಸಂಕಟಕ್ಕೂ ಇರುವ ಸಂಬಂಧವನ್ನು ಚೆನ್ನಾಗಿ ನೆನಪಿಟ್ಟುಕೊಂಡು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದಲೇ ಹೊಲಗಳಲ್ಲಿ ಇದನ್ನು ಬಳಸುವವರು ಮೊದಲ ಎರಡು ಮೂರು ದಿನ ವಿಷವಿಲ್ಲದ ಕಾಳನ್ನು ಇಟ್ಟು ರೂಢಿ ಮಾಡಿಸಿ, ಅನಂತರ 96 ಪಾಲು ಕಾಳು, 2 ಪಾಲು ಎಣ್ಣೆ, 2 ಪಾಲು ಪಾಷಾಣದ ಮಿಶ್ರಣವನ್ನು ಇಡುತ್ತಾರೆ. ಈ ಲೆಕ್ಕವನ್ನು ನಿಮಗೆ ತಿಳಿಸಿದ್ದು ಮತ್ತೊಮ್ಮೆ ಪ್ರಯತ್ನಿಸಿರೆಂದಲ್ಲ, ಮೊದಲ ಪ್ರಯತ್ನ ಏಕೆ ಸೋತಿತೆಂದು ತಿಳಿಯಲಿ ಎಂದು. ಈ ವಿಷಕ್ಕೆ ಮದ್ದಿಲ್ಲ. ಹಲ್ಲುಜ್ಜುವ ಪೇಸ್ಟಿನಂತೆ ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಇಲಿಪಾಷಾಣಕ್ಕೂ ಮದ್ದಿಲ್ಲ, ಅದು ಯಕೃತ್ತನ್ನೇ ಹಾಳುಮಾಡುತ್ತದೆ. ನಾಲ್ಕು ವರ್ಷದ ಮಗು ಓಡಾಡುವ ಮನೆಯಲ್ಲಿ ಇವೆರಡೂ ಇರಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೋಮಾಡಿಯೋಲೋನ್ ಬಿಲ್ಲೆಗಳ ರೀತಿಯೇ ಬೇರೆ. ಅವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ತಿಂದದ್ದು ಕೆಲವು ದಿನಗಳ ಮೇಲೆ ಸಾಯುವುದರಿಂದ ಉಳಿದವಕ್ಕೆ ಅನುಮಾನ ಬರುವುದಿಲ್ಲ, ಮತ್ತು ಇದಕ್ಕೆ ಕೆ1 ಜೀವಸತ್ವದ ಚಿಕಿತ್ಸೆ ಇದೆ. ಆದರೆ ಆ ಕೆಲವು ದಿನ ತೂರಾಡುತ್ತ ತಿರುಗುವ ಹೆಗ್ಗಣವನ್ನು ನಿಮ್ಮ ಬೆಕ್ಕೋ, ಊರಿನ ಗೂಬೆಯೋ ಹಿಡಿದು ತಿಂದರೆ ವಿಷ ಅವುಗಳಿಗೂ ದಾಟುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಿಷವಿಲ್ಲದೆ ಸಾಧ್ಯವಿದೆ, ಆದರೆ ಒಂದು ರಾತ್ರಿಯಲ್ಲಿ ಅಲ್ಲ. ಒಂದು ಸಂಜೆ ಹಿತ್ತಲಿನ ಎಲ್ಲ ಬಿಲಗಳ ಬಾಯನ್ನೂ ಮಣ್ಣಿನಿಂದ ಮುಚ್ಚಿರಿ. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಹೆಗ್ಗಣವಿದೆ ಎಂದರ್ಥ. ಹತ್ತು ಬಿಲ ಕಂಡರೂ ಅವುಗಳಲ್ಲಿ ಹೆಚ್ಚಿನವು ಒಂದೇ ಸುರಂಗದ ಬಾಗಿಲುಗಳಾಗಿರುವುದುಂಟು. ಬಿಲವನ್ನು ಅಗೆದು ಹಿಡಿಯಲು ಹೊರಡಬೇಡಿ. ಬೆಟ್ಟ ಅಗೆದು ಇಲಿ ಹಿಡಿಯುವ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ, ಜೊತೆಗೆ ಕಾಂಪೌಂಡಿನ ಬುಡವೂ ಸಡಿಲವಾಗುತ್ತದೆ. ಬಿಲಕ್ಕೆ ಕೊಡಗಟ್ಟಲೆ ನೀರು ಸುರಿಯುವುದರಿಂದಲೂ ಗೋಡೆಗೆ ಇದೇ ಗತಿ.

ತೆರೆದ ಬಿಲದ ದಾರಿಯಲ್ಲಿ, ಗೋಡೆಗೆ ಅಂಟಿಕೊಂಡಂತೆ, ದೊಡ್ಡ ಅಳತೆಯ ತಂತಿಯ ಬೋನನ್ನು ಇಡಿ. ಹೆಗ್ಗಣ ಬಯಲಿನ ನಡುವೆ ನಡೆಯುವುದಿಲ್ಲ, ಗೋಡೆಯನ್ನು ಮೀಸೆಯಿಂದ ಸವರಿಕೊಂಡೇ ಓಡುತ್ತದೆ. ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿಟ್ಟು, ಒಳಗೆ ಸುಟ್ಟ ಕೊಬ್ಬರಿ, ಒಣಮೀನಿನ ಚೂರು ಅಥವಾ ಹುರಿದ ಶೇಂಗಾ ಇಡಿ. ತಿನ್ನಲು ಆರಂಭಿಸಿದ ಮೇಲೆ ನಾಲ್ಕನೆಯ ರಾತ್ರಿ ಬಾಗಿಲನ್ನು ಹೂಡಿ. ಬಹುಪಾಲು ಜನ ಮೊದಲ ರಾತ್ರಿಯೇ ಹೂಡಿ, ಏನೂ ಬೀಳದಿದ್ದಾಗ ಬೋನು ಸರಿಯಿಲ್ಲವೆಂದು ಮೂಲೆಗೆ ಎಸೆಯುತ್ತಾರೆ. ಅಂಟಿನ ಹಲಗೆಯನ್ನು ಮಾತ್ರ ಬಳಸಬೇಡಿ. ಅದಕ್ಕೆ ಸಿಕ್ಕಿದ್ದು ಗಂಟೆಗಟ್ಟಲೆ ನರಳಿ ಸಾಯುತ್ತದೆ, ಹಲ್ಲಿ ಮತ್ತು ಗುಬ್ಬಿಗಳೂ ಸಿಕ್ಕಿಬೀಳುತ್ತವೆ.

ಇಷ್ಟೆಲ್ಲ ಮಾಡಿದರೂ ಊಟ ಸಿಗುವವರೆಗೆ ಪಕ್ಕದ ಹಿತ್ತಲಿನ ಹೆಗ್ಗಣ ಬಂದು ಖಾಲಿ ಬಿಲವನ್ನು ಸೇರಿಕೊಳ್ಳುತ್ತದೆ. ಇಲಿ ಜಾತಿಯವು ಮೂರು ವಾರದ ಆಸುಪಾಸಿನಲ್ಲಿ ಗರ್ಭ ಕಳೆದು ಒಂದೊಂದು ಸೂಲಿಗೆ ಹಲವು ಮರಿ ಹಾಕುವುದರಿಂದ, ಹಿಡಿದ ಲೆಕ್ಕಕ್ಕಿಂತ ಹುಟ್ಟುವ ಲೆಕ್ಕ ಮುಂದಿರುತ್ತದೆ. ಗೊಬ್ಬರದ ಗುಂಡಿಗೆ ಅನ್ನ, ಮುಸುರೆ, ಮೀನಿನ ತಲೆ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ. ತರಕಾರಿ ಸಿಪ್ಪೆ, ತರಗೆಲೆ ಸಾಕು. ಗುಂಡಿಯ ತಳಕ್ಕೂ ಬದಿಗೂ 12 ಮಿ.ಮೀ. ಕಣ್ಣಿನ ಬೆಸುಗೆ ಜಾಲರಿ ಹಾಸಿದರೆ ಕೆಳಗಿನಿಂದ ಕೊರೆದು ಬರಲಾರವು. ಕೋಳಿ ಬಲೆಯ ತೆಳು ತಂತಿಯನ್ನು ನಂಬಬೇಡಿ. ಸೌದೆಯ ಒಟ್ಟಿಲು, ಹಳೆಯ ಹಂಚಿನ ರಾಶಿ, ಒಣಗಿದ ತೆಂಗಿನ ಗರಿಗಳನ್ನು ಗೋಡೆಯಿಂದ ದೂರ, ನೆಲದಿಂದ ಒಂದಡಿ ಎತ್ತರದಲ್ಲಿ ಇರಿಸಿ. ಬೆಕ್ಕಿನ ತಟ್ಟೆಯನ್ನು ರಾತ್ರಿ ಹೊರಗೆ ಬಿಡಬೇಡಿ. ಬಲಿತ ಗೆಣಸನ್ನು ನೆಲದಲ್ಲೇ ತಿಂಗಳುಗಟ್ಟಲೆ ಉಳಿಸಿ ಬೇಕಾದಾಗ ಅಗೆಯುವ ರೂಢಿ ನಮ್ಮಲ್ಲಿ ಅನೇಕರಿಗಿದೆ, ನನಗೂ ಇತ್ತು. ಹೆಗ್ಗಣದ ಮಟ್ಟಿಗೆ ಅದು ತೆರೆದಿಟ್ಟ ಕಣಜ. ಬಳ್ಳಿ ಹಳದಿಗೆ ತಿರುಗಿದೊಡನೆ ಒಮ್ಮೆಲೇ ಕಿತ್ತುಬಿಡಿ. ಒಕ್ಕಲು ಹೋದ ಬಿಲಗಳನ್ನು ಜಲ್ಲಿ ಮತ್ತು ಮಣ್ಣು ತುಂಬಿ ಗುದ್ದಿ ಮುಚ್ಚಿರಿ. ಗಾಜಿನ ಚೂರು ತುಂಬುವ ಪದ್ಧತಿಯೂ ಇದೆ, ಆದರೆ ಮುಂದೆ ಎಂದಾದರೂ ಅಲ್ಲಿ ಮಣ್ಣಿಗೆ ಇಳಿಯುವುದು ನಿಮ್ಮದೇ ಕೈ.

ಇನ್ನೊಂದು ಎಚ್ಚರಿಕೆ. ಇಲಿ ಹೆಗ್ಗಣಗಳ ಮೂತ್ರದಿಂದ ಒದ್ದೆ ಮಣ್ಣಿಗೂ ನಿಂತ ನೀರಿಗೂ ಸೇರುವ ರೋಗಾಣು ಚರ್ಮದ ಗಾಯದ ಮೂಲಕ ಒಳಹೊಕ್ಕು ಇಲಿಜ್ವರ ಬರುತ್ತದೆ, ಮಳೆಗಾಲದಲ್ಲಿ ಹೆಚ್ಚು. ಬರಿಗಾಲಿನಲ್ಲಿ ಪಾತಿಗೆ ಇಳಿಯಬೇಡಿ, ಬೋನನ್ನೂ ಸತ್ತ ಪ್ರಾಣಿಯನ್ನೂ ಕೈಗವಸಿಲ್ಲದೆ ಮುಟ್ಟಬೇಡಿ. ಜ್ವರದ ಜೊತೆ ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಹಿತ್ತಲಿನಲ್ಲಿ ಹೆಗ್ಗಣವಿರುವ ಸಂಗತಿಯನ್ನೂ ಅವರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಮನೆಯಂಗಳದ ಎರಡು ತೆಂಗಿನ ಮರಗಳಿಂದ ಎಳೆಗಾಯಿಗಳು ತೊಟ್ಟಿನ ಬಳಿ ತೂತಾಗಿ ಬೀಳುತ್ತಿವೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ಇದು ಹೆಗ್ಗಣದ ಕೆಲಸವಲ್ಲ, ಮರ ಹತ್ತುವ ಇಲಿಯದು. ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ, ಒಂದೂಕಾಲು ಅಡಿ ಅಗಲದ ನುಣುಪಾದ ತಗಡನ್ನು ಕಾಂಡದ ಸುತ್ತ ಸಂದಿಲ್ಲದಂತೆ ಸುತ್ತಿ ಕಟ್ಟಿರಿ. ಉಗುರಿಗೆ ಹಿಡಿತ ಸಿಗದೆ ಇಲಿ ಜಾರುತ್ತದೆ. ತೆಂಗಿನ ಕಾಂಡ ಮಾವು, ಹಲಸಿನಂತೆ ವರ್ಷವರ್ಷವೂ ದಪ್ಪವಾಗುವುದಿಲ್ಲವಾದ್ದರಿಂದ ತಗಡು ಬಿಗಿದುಕೊಳ್ಳುವ ಭಯವಿಲ್ಲ. ಆದರೆ ಗರಿಗಳು ಪಕ್ಕದ ಮರಕ್ಕೋ, ಮಾಡಿಗೋ, ವಿದ್ಯುತ್ ತಂತಿಗೋ ತಾಗುತ್ತಿದ್ದರೆ ತಗಡು ಕಟ್ಟಿಯೂ ಫಲವಿಲ್ಲ, ಇಲಿ ಮೇಲಿನಿಂದಲೇ ದಾಟಿ ಬರುತ್ತದೆ. ವರ್ಷಕ್ಕೆರಡು ಸಲ ಮಂಡೆ ಬಿಡಿಸಿ ಒಣಗರಿ, ಹಳೆಯ ಗೊನೆಯ ಕಾಂಡ ತೆಗೆಸಿದರೆ ಅಲ್ಲಿ ಗೂಡು ಕಟ್ಟಲು ಜಾಗವೂ ಉಳಿಯುವುದಿಲ್ಲ.

ಪ್ರಶ್ನೆ: ಗ್ಲಿರಿಸಿಡಿಯಾ ಎಂದರೆ ‘ಇಲಿ ಕೊಲ್ಲುವುದು’ ಎಂದರ್ಥವಂತೆ. ಬೇಲಿಗೆ ಈ ಗೊಬ್ಬರದ ಗಿಡವನ್ನೇ ನೆಟ್ಟರೆ ಇಲಿ ಬರುವುದಿಲ್ಲವೇ? ಕಿವಿಗೆ ಕೇಳಿಸದ ಶಬ್ದದಿಂದ ಇಲಿ ಓಡಿಸುವ ಯಂತ್ರವನ್ನು ಕೊಳ್ಳಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಹೆಸರಿನ ಅರ್ಥ ನಿಜ. ಆ ಗಿಡದ ತವರಾದ ಮಧ್ಯ ಅಮೆರಿಕದಲ್ಲಿ ಅದರ ತೊಗಟೆ, ಎಲೆಗಳನ್ನು ಜೋಳದೊಡನೆ ಸೇರಿಸಿ ಇಲಿಗೆ ವಿಷವಾಗಿ ಇಡುತ್ತಿದ್ದರು. ಬೇಲಿಯಲ್ಲಿ ನಿಂತ ಗಿಡದಿಂದ ಸೊಪ್ಪು ಸಿಗುತ್ತದೆ, ಅಷ್ಟೇ; ಇಲಿ ಅದರ ಬುಡದಲ್ಲೇ ಬಿಲ ತೋಡುತ್ತದೆ. ಯಂತ್ರದ ವಿಷಯ ಇನ್ನೂ ಚಿಕ್ಕದು: ಆ ಶಬ್ದ ಗೋಡೆ, ಪೆಟ್ಟಿಗೆ, ಗಿಡಗಳನ್ನು ದಾಟುವುದಿಲ್ಲ, ಇಲಿಗಳು ಬೇಗ ಹೊಂದಿಕೊಂಡುಬಿಡುತ್ತವೆ. ಹಣವನ್ನು ಜಾಲರಿಗೆ ಹಾಕಿ.

ಪ್ರಶ್ನೆ: ಸಂಜೆಯಾದರೆ ಚೂಪು ಮೂತಿಯ, ದುರ್ವಾಸನೆಯ ಒಂದು ಇಲಿ ‘ಚೀಂ ಚೀಂ’ ಎನ್ನುತ್ತ ಕೈತೋಟದ ಗೋಡೆಯಂಚಿನಲ್ಲಿ ಓಡುತ್ತದೆ. ಗಿಡಗಳಿಗೇನೂ ಹಾನಿ ಕಂಡಿಲ್ಲ. ಇದನ್ನೂ ಹಿಡಿಯಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಅದು ಸೊಂಡಿಲಿ; ಹೆಸರಿನಲ್ಲಿ ಇಲಿ ಇದ್ದರೂ ಇಲಿಯ ಕುಲಕ್ಕೆ ಸೇರಿದ್ದಲ್ಲ. ಬೇರು, ಗೆಡ್ಡೆ ಅದಕ್ಕೆ ಬೇಕಿಲ್ಲ, ಜಿರಲೆ, ಮಿಡತೆ, ಹುಳುಗಳೇ ಅದರ ಆಹಾರ. ವಾಸನೆ ಸಹಿಸಲಾಗದಿದ್ದರೆ ಅಡುಗೆಮನೆಯ ಬಾಗಿಲಿನ ಕೆಳಗಿನ ಸಂದಿಯನ್ನು ಮುಚ್ಚಿಸಿ; ತೋಟವನ್ನು ಅದಕ್ಕೆ ಬಿಟ್ಟುಕೊಡಿ.