ಮದರ್‌ಬೋರ್ಡ್ ಬದಲಾಯಿಸುವ ಮೊದಲು ರ‍್ಯಾಮ್ ಮತ್ತು ಪವರ್ ಕೇಬಲ್ ನೋಡಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ನೀವೇ ಜೋಡಿಸಿದ, ಎಎಂಡಿ ರೈಜನ್ 7000 ಪ್ರೊಸೆಸರ್ ಇರುವ ಪಿಸಿ, ಕೆಲವು ತಿಂಗಳು ತೊಂದರೆ ಇಲ್ಲದೆ ಓಡಿತು. ಆಮೇಲೆ ಎರಡು 16 ಜಿಬಿ ಡಿಡಿಆರ್5 ರ‍್ಯಾಮ್ ಸ್ಟಿಕ್ ಜೊತೆಗೆ ಅದೇ ಮಾಡೆಲ್‌ನ ಇನ್ನೆರಡು ಹಾಕಿ 64 ಜಿಬಿ ಮಾಡಿದಿರಿ. ಗ್ರಾಫಿಕ್ಸ್ ಕಾರ್ಡ್ ಕೂಡ ಬದಲಾಯಿಸಿದಿರಿ, ಆದರೆ ಪಿಎಸ್‌ಯು (ಕರೆಂಟ್ ಕೊಡುವ ಪವರ್ ಸಪ್ಲೈ) ಹಳೇ ಮೆಷಿನ್‌ದೇ. ಈಗ ನೀಲಿ ಪರದೆ ಬರುತ್ತದೆ, ಪ್ರತಿ ಸಲ ಬೇರೆ ಹೆಸರಿನ ಎರರ್. ಗೇಮ್ ಆಡುವಾಗ ಮಾತ್ರ ನೀಲಿ ಪರದೆಯೂ ಇಲ್ಲದೆ ದಿಢೀರ್ ರೀಸ್ಟಾರ್ಟ್. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದರೂ ಅದೇ ಕಥೆ. ಯಾರೋ ಮದರ್‌ಬೋರ್ಡ್ ಹೋಗಿದೆ ಅಂದಿದ್ದಾರೆ.

ಸದ್ಯಕ್ಕೆ ಬೋರ್ಡ್ ಮುಟ್ಟಬೇಡಿ. ನನಗೆ ಇಲ್ಲಿ ಕಾಣುವುದು ಒಂದು ತೊಂದರೆ ಅಲ್ಲ, ಎರಡು. ನೀಲಿ ಪರದೆ ರ‍್ಯಾಮ್‌ನಿಂದ, ದಿಢೀರ್ ರೀಸ್ಟಾರ್ಟ್ ಪವರ್‌ನಿಂದ. ಎರಡನ್ನೂ ಸೇರಿಸಿ ಒಂದೇ ಕಾರಣ ಹುಡುಕುತ್ತಿರುವುದರಿಂದಲೇ ತಲೆ ಕೆಡುತ್ತಿದೆ. ಒಂದಾದ ಮೇಲೆ ಒಂದು ನೋಡೋಣ.

ಮೊದಲು ರ‍್ಯಾಮ್. ಎರರ್ ಹೆಸರು ಪ್ರತಿ ಸಲ ಬದಲಾಗುತ್ತಿದೆ ಅನ್ನುವುದೇ ದೊಡ್ಡ ಸುಳಿವು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಫೈಲ್ ಹೆಸರು ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್, ಇನ್ನೊಮ್ಮೆ ಸಂಬಂಧವೇ ಇಲ್ಲದ ಇನ್ನೇನೋ ಬಂದರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಹಾಳಾದ ಬಿಟ್ ಯಾರ ಜಾಗದಲ್ಲಿ ಬಿತ್ತೋ ಅವರ ಹೆಸರು ಪರದೆ ಮೇಲೆ ಬರುತ್ತದೆ, ಅಷ್ಟೇ.

ರೈಜನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ರ‍್ಯಾಮ್ ವೇಗ ಎರಡು ಸ್ಟಿಕ್‌ಗೆ 5200 ಎಂಟಿ/ಎಸ್ (ಸೆಕೆಂಡಿಗೆ ಮೆಗಾಟ್ರಾನ್ಸ್‌ಫರ್), ನಾಲ್ಕು ಸ್ಟಿಕ್‌ಗೆ 3600. ನೀವು ಎಕ್ಸ್‌ಪೋ ಆನ್ ಮಾಡಿ ನಾಲ್ಕನ್ನೂ 6000ದಲ್ಲಿ ಓಡಿಸುತ್ತಿದ್ದೀರಿ. ಎಕ್ಸ್‌ಪೋ ಅಂದರೆ ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್ ಪರದೆ) ಆನ್ ಮಾಡುವ ರೆಡಿಮೇಡ್ ರ‍್ಯಾಮ್ ಸೆಟ್ಟಿಂಗ್. ಅದು ಅಧಿಕೃತ ವೇಗ ಮೀರಿ ಓಡಿಸುವ ಓವರ್‌ಕ್ಲಾಕ್, ಪೆಟ್ಟಿಗೆ ಮೇಲೆ ಎಷ್ಟೇ ದಪ್ಪ ಅಕ್ಷರದಲ್ಲಿ 6000 ಅಂತ ಬರೆದಿದ್ದರೂ ಸರಿ. ಆ ಸಂಖ್ಯೆ ಪೆಟ್ಟಿಗೆಯೊಳಗಿನ ಎರಡು ಸ್ಟಿಕ್‌ಗೆ ಮಾತ್ರ ಪರೀಕ್ಷೆ ಮಾಡಿದ್ದು. ಎರಡು ಪೆಟ್ಟಿಗೆ ತಂದರೆ, ಮಾಡೆಲ್ ಒಂದೇ ಆದರೂ ಒಳಗಿನ ಚಿಪ್ ಬೇರೆ ಇರಬಹುದು.

ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಮ್ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ. ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ. ಮೊದಲ ಸಲ ಈಗಿರುವ ಸೆಟ್ಟಿಂಗ್‌ನಲ್ಲೇ ಓಡಿಸಿ, ಏನನ್ನೂ ಬದಲಾಯಿಸಬೇಡಿ. 64 ಜಿಬಿ ಅಂದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ತಪ್ಪು ಸಿಕ್ಕರೆ ಎರರ್ ಸಾಲು ಬರುತ್ತದೆ. ಒಂದೇ ಒಂದು ಎರರ್ ಸಾಲು ಬಂದರೂ ಫೇಲ್. "ಬರೀ ಎರಡು ಎರರ್ ಅಲ್ವಾ" ಅಂತ ಬಿಡುವ ಹಾಗಿಲ್ಲ. ಡಿಡಿಆರ್5ನಲ್ಲಿ ತಪ್ಪು ತಾನೇ ತಿದ್ದುವ ಇಸಿಸಿ ಇದೆಯಲ್ಲ ಅಂತ ಕೇಳುವವರೂ ಇದ್ದಾರೆ. ಅದು ಚಿಪ್ ಒಳಗಿನ ತಪ್ಪು ಮಾತ್ರ ಸರಿಮಾಡುತ್ತದೆ. ಚಿಪ್‌ನಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಆಗುವ ತಪ್ಪನ್ನು ಅದು ಹಿಡಿಯುವುದಿಲ್ಲ.

ಎರರ್ ಬಂದರೆ ಎಕ್ಸ್‌ಪೋ ಆಫ್ ಮಾಡಿ ಮತ್ತೆ ಓಡಿಸಿ. ಇಲ್ಲೊಂದು ಎಚ್ಚರಿಕೆ. ರ‍್ಯಾಮ್ ಸೆಟ್ಟಿಂಗ್ ಬದಲಾದ ಮೇಲೆ ಡಿಡಿಆರ್5 ಬೋರ್ಡ್ ಮೆಮೊರಿ ಟ್ರೈನಿಂಗ್ ಮಾಡುತ್ತದೆ, ಅಂದರೆ ಸ್ಟಿಕ್‌ಗಳಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಬೋರ್ಡ್ ಮೇಲೆ ಡಿರ‍್ಯಾಮ್ ಲೈಟ್ ಉರಿಯುತ್ತಿರುತ್ತದೆ, ಮಾನಿಟರ್‌ನಲ್ಲಿ ಏನೂ ಇರುವುದಿಲ್ಲ. ನಾಲ್ಕು ಸ್ಟಿಕ್ ಇದ್ದರೆ ಹೀಗೆ ಹಲವು ನಿಮಿಷ ಇರಬಹುದು. ಸತ್ತೇ ಹೋಯಿತು ಅಂದುಕೊಂಡು ಸ್ವಿಚ್ ಆಫ್ ಮಾಡಬೇಡಿ, ಮಾಡಿದರೆ ಮತ್ತೆ ಮೊದಲಿಂದ ಶುರು ಆಗುತ್ತದೆ.

ಎಕ್ಸ್‌ಪೋ ಆಫ್‌ನಲ್ಲಿ ಒಂದೂ ತಪ್ಪಿಲ್ಲ ಅಂದರೆ ಸ್ಟಿಕ್‌ಗಳು ಚೆನ್ನಾಗಿವೆ, ಬೋರ್ಡೂ ಚೆನ್ನಾಗಿದೆ. ನಾಲ್ಕನ್ನು ಆ ವೇಗದಲ್ಲಿ ಓಡಿಸಲು ಆಗುತ್ತಿಲ್ಲ, ಅಷ್ಟೇ. ಆಗ ಒಂದೋ ಕಡಿಮೆ ವೇಗಕ್ಕೆ ಒಪ್ಪಿಕೊಳ್ಳಿ, ಇಲ್ಲ ನಾಲ್ಕನ್ನೂ ಮಾರಿ 32 ಜಿಬಿಯ ಎರಡು ಸ್ಟಿಕ್ ಇರುವ ಒಂದೇ ಕಿಟ್ ತೆಗೆದುಕೊಳ್ಳಿ. ನಾನಾಗಿದ್ದರೆ ಎರಡನೆಯದು. ನಾಲ್ಕು ಸ್ಟಿಕ್‌ಗೆ ವೋಲ್ಟೇಜ್ ತಿದ್ದಿ ತಿದ್ದಿ ಸರಿಮಾಡುತ್ತೇನೆ ಅನ್ನುವುದು ಬಿಡುವಿದ್ದವರ ಆಟ.

ಎಕ್ಸ್‌ಪೋ ಆಫ್ ಮಾಡಿದರೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಟೆಸ್ಟ್ ಮಾಡಿ. ಒಂಟಿ ಸ್ಟಿಕ್‌ಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್, ಎ2. ಮ್ಯಾನುಯಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ತಪ್ಪು ಒಂದೇ ಸ್ಟಿಕ್‌ನ ಹಿಂದೆ ಹೋದರೆ ಆ ಸ್ಟಿಕ್ ವಾರಂಟಿಗೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ತಪ್ಪು ಬಂದರೆ ಆಗ ಮಾತ್ರ ಬೋರ್ಡ್ ಕಡೆ ಬೆರಳು ತೋರಿಸಬಹುದು. ಅದಕ್ಕೂ ಮೊದಲು ಕೂಲರ್ ಬಿಚ್ಚಿ, ನಾಲ್ಕೂ ಸ್ಕ್ರೂ ಸಮನಾಗಿ ಬಿಗಿ ಮಾಡಿ ನೋಡಿ. ಒಂದು ಮೂಲೆ ಜಾಸ್ತಿ ಬಿಗಿಯಾದರೆ ಸಾಕೆಟ್ ಪಿನ್ ಸರಿಯಾಗಿ ತಾಗದೆ ರ‍್ಯಾಮ್‌ನ ಒಂದು ಚಾನೆಲ್ ಕೈಕೊಡುವುದುಂಟು.

ವಿಂಡೋಸ್ ಎರಡು ಸಲ ಹಾಕಿದ್ದು ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಇನ್‌ಸ್ಟಾಲ್ ಆಗುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಡಿಸ್ಕ್‌ಗೆ ಹೋಗುವುದು. ರ‍್ಯಾಮ್ ತಪ್ಪು ಮಾಡುತ್ತಿದ್ದರೆ ಹೊಸ ವಿಂಡೋಸೂ ಹುಟ್ಟುವಾಗಲೇ ಕೆಟ್ಟಿರಬಹುದು. ಮೆಮ್‌ಟೆಸ್ಟ್ ಕ್ಲೀನ್ ಆಗುವವರೆಗೆ ಮತ್ತೆ ಹಾಕಬೇಡಿ. ಬಯೋಸ್ ಅಪ್‌ಡೇಟ್ ಮಾಡುವುದಿದ್ದರೆ ಎಕ್ಸ್‌ಪೋ ಆಫ್ ಮಾಡಿಯೇ ಮಾಡಿ, ಅದೂ ವಿಂಡೋಸ್ ಒಳಗಿಂದ ಬೇಡ, ಬಯೋಸ್‌ನ ಫ್ಲ್ಯಾಶ್ ಟೂಲ್‌ನಿಂದ.

ಈಗ ದಿಢೀರ್ ರೀಸ್ಟಾರ್ಟ್. ವಿಂಡೋಸ್ ನಡೆದದ್ದನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಸಿಕ್ಕಿತು ಅಂತ ಸ್ಕ್ರೀನ್‌ಶಾಟ್ ಹಾಕಿದ್ದೀರಿ. ಅದನ್ನು ನೋಡಿ ಎಲ್ಲರೂ ಗಾಬರಿಯಾಗುತ್ತಾರೆ. ಅದು ಹೇಳುವುದು ಇಷ್ಟೇ: ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಅದರ ಡೀಟೇಲ್ಸ್ ಟ್ಯಾಬ್ ತೆರೆದು ಬಗ್‌ಚೆಕ್ ಕೋಡ್ (ನೀಲಿ ಪರದೆಯ ಎರರ್ ಸಂಖ್ಯೆ) ನೋಡಿ. 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಸಮಯವೇ ಸಿಗಲಿಲ್ಲ ಅಂತ. ಕರೆಂಟ್ ಹೋದಾಗಲೂ ಹಾಗೇ ಆಗುತ್ತದೆ. ಅದೇ ಹೊತ್ತಿಗೆ ಡಬ್ಲ್ಯುಎಚ್‌ಇಎ ಲಾಗರ್ 18 (ಹಾರ್ಡ್‌ವೇರ್ ತಪ್ಪಿನ ದಾಖಲೆ) ಇದೆಯಾ ಅಂತಲೂ ಹುಡುಕಿ. ಇದ್ದರೆ ದಾರಿ ಬೇರೆ, ಪ್ರೊಸೆಸರ್ ಕಡೆ ನೋಡಬೇಕು. ಅದರಲ್ಲಿ ಎಪಿಐಸಿ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ. ಪ್ರತಿ ಸಲ ಅದೇ ಸಂಖ್ಯೆ ಬಂದರೆ ಒಂದೇ ಕೋರ್ ತೊಂದರೆ ಕೊಡುತ್ತಿದೆ. ಪ್ರೊಸೆಸರ್ ವೋಲ್ಟೇಜ್ ತಿದ್ದುವ ಬಯೋಸ್ ಸೆಟ್ಟಿಂಗ್ ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ ಹಾಕಿದ್ದರೆ ತೆಗೆಯಿರಿ. ಅದು ಭಾರೀ ಸ್ಟ್ರೆಸ್ ಟೆಸ್ಟ್ ದಾಟಿ, ಸುಮ್ನೆ ಬ್ರೌಸರ್ ತೆರೆದಿಟ್ಟಾಗ ಬೀಳಿಸುವ ಜಾತಿ.

18 ಇಲ್ಲ, ಗೇಮ್‌ನಲ್ಲಿ ಮಾತ್ರ ಆಗುತ್ತದೆ ಅಂದರೆ ನನ್ನ ಅನುಮಾನ ಪಿಎಸ್‌ಯು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು ತನ್ನ ಹೆಸರಿನ ವ್ಯಾಟ್‌ಗಿಂತ ಎಷ್ಟೋ ಜಾಸ್ತಿ ಎಳೆಯಬಲ್ಲದು. ಹಳೇ ಪಿಎಸ್‌ಯುನ ಪ್ರೊಟೆಕ್ಷನ್ ಅದನ್ನು ಶಾರ್ಟ್ ಅಂದುಕೊಂಡು ಟ್ರಿಪ್ ಆಗುತ್ತದೆ. 2022ರಲ್ಲಿ ಬಂದ ಪಿಎಸ್‌ಯು ಮಾನದಂಡ ಎಟಿಎಕ್ಸ್ 3.0 ಇದಕ್ಕಾಗಿಯೇ 100 ಮೈಕ್ರೊಸೆಕೆಂಡ್‌ವರೆಗೆ ಎರಡು ಪಟ್ಟು ಲೋಡ್ ತಡೆದುಕೊಳ್ಳಬೇಕು ಅನ್ನುತ್ತದೆ. ನಿಮ್ಮದು ಅದಕ್ಕಿಂತ ಹಳೆಯದು. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗೇ ತೋರಿಸುತ್ತದೆ, ಇಷ್ಟು ಚಿಕ್ಕ ಏರಿಳಿತ ಅದಕ್ಕೆ ಕಾಣುವುದಿಲ್ಲ.

ದುಡ್ಡಿಲ್ಲದೆ ಪರೀಕ್ಷೆ ಮಾಡುವ ದಾರಿ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಪ್ರೋಗ್ರಾಮ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಪವರ್ ಲಿಮಿಟ್ 70%ಗೆ ಇಳಿಸಿ, ಎಫ್‌ಪಿಎಸ್‌ಗೂ (ಸೆಕೆಂಡಿಗೆ ಎಷ್ಟು ಫ್ರೇಮ್) ಮಿತಿ ಹಾಕಿ. ರೀಸ್ಟಾರ್ಟ್ ಆಗುತ್ತಿದ್ದ ಅದೇ ಗೇಮ್ ಆಡಿ. ರೀಸ್ಟಾರ್ಟ್ ನಿಂತರೆ ಪಿಎಸ್‌ಯು ಇಲ್ಲವೇ ಕೇಬಲ್. ಪಿಎಸ್‌ಯು ಬದಲಾಯಿಸುವ ಮೊದಲು ಕೇಬಲ್ ನೋಡಿ. ಕಾರ್ಡ್‌ಗೆ ಎರಡು 8 ಪಿನ್ ಪವರ್ ಪ್ಲಗ್ ಬೇಕು. ಒಂದೇ ಕೇಬಲ್‌ನ ತುದಿಯಲ್ಲಿ ಜೋತಾಡುವ ಎರಡನೇ ತಲೆಯನ್ನೂ ಚುಚ್ಚಿದ್ದೀರಾ? ಒಂದು 8 ಪಿನ್‌ಗೆ ಸ್ಪೆಸಿಫಿಕೇಶನ್ ಪ್ರಕಾರ 150 ವ್ಯಾಟ್. ಪಿಎಸ್‌ಯುನಿಂದಲೇ ಎರಡು ಬೇರೆ ಕೇಬಲ್ ಎಳೆಯಿರಿ, ಕ್ಲಿಕ್ ಅನ್ನುವವರೆಗೆ ಒತ್ತಿ. ಬೇರೆ ಪಿಎಸ್‌ಯುನ ಮಾಡ್ಯುಲರ್ (ಕಳಚಿ ಹಾಕುವ) ಕೇಬಲ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಪ್ಲಗ್ ಹಿಡಿಸುತ್ತದೆ, ಒಳಗಿನ ಪಿನ್ ಜೋಡಣೆ ಬೇರೆ ಇರುತ್ತದೆ, ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಸುಟ್ಟು ಹೋಗಬಹುದು.

ಇನ್ನೊಂದು ಚಿಕ್ಕ ವಿಷಯ, ಯಾರೂ ನೋಡುವುದಿಲ್ಲ. ಕ್ಯಾಬಿನೆಟ್‌ನ ರೀಸೆಟ್ ಬಟನ್‌ನ ವೈರ್ ಬೋರ್ಡ್‌ನಿಂದ ಕಿತ್ತು ಓಡಿಸಿ ನೋಡಿ. ಬಟನ್ ಒಳಗೆ ಅಂಟಿಕೊಂಡಿದ್ದರೆ ಹೀಗೇ ಸದ್ದಿಲ್ಲದೆ ರೀಸ್ಟಾರ್ಟ್ ಆಗುತ್ತದೆ.

ಪ್ರೊಸೆಸರ್ ಬಿಸಿಯಾಗುತ್ತಿದೆ, ಥರ್ಮಲ್ ಪೇಸ್ಟ್ ಬದಲಾಯಿಸಿ ಅಂತ ಈ ಥ್ರೆಡ್‌ನಲ್ಲಿ ಮೇಲೆ ಒಬ್ಬರು ಹೇಳಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ರೈಜನ್ 7000ದ ದೊಡ್ಡ ಮಾಡೆಲ್‌ಗಳನ್ನು 95 ಡಿಗ್ರಿವರೆಗೆ ಹೋಗುವಂತೆಯೇ ಮಾಡಿದ್ದಾರೆ. ಬಿಸಿ ಜಾಸ್ತಿಯಾದರೆ ಅದು ಮೊದಲು ವೇಗ ಇಳಿಸುತ್ತದೆ. ಎಸ್‌ಎಸ್‌ಡಿ ಚೆನ್ನಾಗಿದೆಯಾ ಅಂತ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಪ್ರೋಗ್ರಾಮ್‌ನಲ್ಲಿ ಒಮ್ಮೆ ನೋಡಿದರೆ ಸಾಕು.

ಈ ಥ್ರೆಡ್‌ನಲ್ಲಿ ಇಂಟೆಲ್ 13, 14ನೇ ಪೀಳಿಗೆಯ ಪ್ರೊಸೆಸರ್ ಇರುವವರೂ "ನಂದೂ ಹೀಗೇ" ಅಂದಿದ್ದೀರಿ. ನಿಮ್ಮದು ಬೇರೆ ಇರಬಹುದು. ಗೇಮ್ ಶುರುವಾಗುವಾಗ ಶೇಡರ್ ಕಂಪೈಲ್ (ಗ್ರಾಫಿಕ್ಸ್ ಕೋಡ್ ತಯಾರಾಗುವ) ಹಂತದಲ್ಲಿ ವಿಡಿಯೊ ಮೆಮೊರಿ ಸಾಲದು ಅಂತ ಎರರ್ ಬಂದರೆ ಕಾರ್ಡ್ ಬೈಯಬೇಡಿ, ಪ್ರೊಸೆಸರ್ ಅನುಮಾನಿಸಿ. ವೋಲ್ಟೇಜ್ ತೊಂದರೆಗೆ ಇಂಟೆಲ್ ಆಗಸ್ಟ್ 2024ರಿಂದ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಕೋಡ್‌ಗೆ ತಿದ್ದುಪಡಿ) ಕೊಡುತ್ತಿದೆ, ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಆದರೆ ಆಗಲೇ ಹಾಳಾದ ಚಿಪ್ ಅದರಿಂದ ಸರಿಹೋಗುವುದಿಲ್ಲ. ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿ 2 ವರ್ಷ ಜಾಸ್ತಿ ಮಾಡಿದ್ದಾರೆ, ಕೇಳಿ ಬದಲಾಯಿಸಿಕೊಳ್ಳಿ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ದಿನಾಂಕದ ಜೊತೆ ಬರೆದಿಡಿ. ಮೆಮ್‌ಟೆಸ್ಟ್ ಪರದೆಯ ಫೋಟೊ, ಪಿಎಸ್‌ಯು ಪಕ್ಕದ ಸ್ಟಿಕರ್ ಫೋಟೊ, ಬಯೋಸ್ ವರ್ಷನ್ ಇಲ್ಲೇ ಹಾಕಿ. ಕಾರ್ಡ್‌ಗೆ ಹೋಗುವ ಕೇಬಲ್ ಒಂದೋ ಎರಡೋ ಅಂತಲೂ ಹೇಳಿ.