ವೇಬ್ರಿಡ್ಜ್ ಕೆಲಸ ಬಿಟ್ಟು ಸಪ್ಲೈ ಚೈನ್ ಡಿಪ್ಲೊಮಾ ಸೇರಲೇ?

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಗಂಗಾವತಿ ಹತ್ತಿರದ ರೈಸ್ ಮಿಲ್‌ನಲ್ಲಿದ್ದೇನೆ. ವೇಬ್ರಿಡ್ಜ್‌ನಲ್ಲಿ ಲಾರಿ ತೂಕ ಹಾಕಿಸುವುದು, ಗೇಟ್ ಪಾಸ್ ಬರೆಯುವುದು ನನ್ನ ಕೆಲಸ. ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್‌ಗೆ ಒಳ್ಳೆ ಬೇಡಿಕೆ ಇದೆ ಅಂತಾರೆ. ಬೆಂಗಳೂರಿನ ಒಂದು ಸಂಸ್ಥೆ ಡಿಪ್ಲೊಮಾಕ್ಕೆ 1.4 ಲಕ್ಷ ಕೇಳುತ್ತಿದೆ, ಕೆಲಸ ಕೊಡಿಸುತ್ತೇವೆ ಎನ್ನುತ್ತಿದೆ. ಅಪ್ಪ ಸಾಲ ಮಾಡಲು ತಯಾರಿದ್ದಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಸೇರಲೇ?

ಉತ್ತರ: ಸಾಲ ಮಾಡಬೇಡಿ. ಅಪ್ಪನಿಗೂ ಹಾಗೇ ಹೇಳಿ. ಡಿಪ್ಲೊಮಾ ಕೆಟ್ಟದ್ದು ಅಂತಲ್ಲ, ನಿಮಗೆ ಅದರ ಹೊತ್ತು ಇನ್ನೂ ಬಂದಿಲ್ಲ. ಹೊರಗೆ ಎಲ್ಲೋ ಇದೆ ಅಂತ ನೀವು ಹುಡುಕುತ್ತಿರುವ ಕ್ಷೇತ್ರದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೀರಿ.

ನಿಮ್ಮ ಮಿಲ್ಲನ್ನೇ ನೋಡಿ. ತುಂಗಭದ್ರಾ ಬಯಲಿನ ಭತ್ತ ಬರುವುದು ವರ್ಷಕ್ಕೆ ಎರಡು ಸಲ. ಅಕ್ಕಿ ಹೋಗಬೇಕಾದದ್ದು ಹನ್ನೆರಡು ತಿಂಗಳು. ನಡುವಿನ ದಿನಗಳಲ್ಲಿ ಮಾಲೀಕರ ದುಡ್ಡು ಗೋದಾಮಿನಲ್ಲಿ ಕೂತಿರುತ್ತದೆ. ಎಷ್ಟು ಕೊಳ್ಳಬೇಕು, ಎಷ್ಟು ದಿನ ಇಡಬೇಕು, ಯಾವ ಲಾರಿಗೆ ಯಾವ ಲೋಡ್ ಹಾಕಬೇಕು? ಸಪ್ಲೈ ಚೈನ್ ಅಂದರೆ ಈ ಪ್ರಶ್ನೆಗಳೇ. ಉಕ್ಕಿನ ಕಾರ್ಖಾನೆಗೆ ಹೋದರೆ ಸರಕು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ.

ನಿಮ್ಮ ತೂಕದ ಚೀಟಿಯಲ್ಲೇ ಒಂದು ಪಾಠ ಇದೆ. ಶೇ 20 ತೇವ ಇರುವ 100 ಕ್ವಿಂಟಲ್ ಭತ್ತ ಒಣಗಿ ಶೇ 14ಕ್ಕೆ ಬಂದರೆ ಉಳಿಯುವುದು ಸುಮಾರು 93 ಕ್ವಿಂಟಲ್. ಏಳು ಕ್ವಿಂಟಲ್ ನೀರಿಗೆ ದುಡ್ಡು ಕೊಟ್ಟಂತಾಯಿತು, ಅಲ್ವಾ? ಯಾವ ಊರಿನ ಲೋಡ್‌ನಲ್ಲಿ ತೇವ ಜಾಸ್ತಿ, ಯಾವ ವಾರ ಜಾಸ್ತಿ ಅಂತ ಒಂದು ಸೀಸನ್ ಪೂರ್ತಿ ಎಕ್ಸೆಲ್‌ನಲ್ಲಿ ಬರೆದಿಡಿ. ಆ ಶೀಟ್ ಸಂದರ್ಶನದಲ್ಲಿ ನಿಮ್ಮ ಪರವಾಗಿ ಮಾತಾಡುತ್ತದೆ.

ಆಮೇಲೆ ಚೀಲಕ್ಕೆ ಬನ್ನಿ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಮಿಲ್ಲುಗಳು 26 ಕೆಜಿ ಚೀಲಕ್ಕೆ ಬದಲಾಗಿದ್ದು ಅದಕ್ಕೇ. ನಿಮ್ಮ ಮಿಲ್ ದಿನಕ್ಕೆ 52 ಟನ್ ಅಕ್ಕಿ ತುಂಬುತ್ತದೆ ಅಂತಿಟ್ಟುಕೊಳ್ಳಿ. 2,000 ಚೀಲ ಬೇಕು. ಆರ್ಡರ್ ಕೊಟ್ಟ ಏಳು ದಿನಕ್ಕೆ ಚೀಲ ಬರುತ್ತದೆ ಎಂದರೆ ಆ ಏಳು ದಿನಕ್ಕೆ 14,000. ಲಾರಿ ತಡವಾದರೆ ಅಂತ ಇನ್ನೂ ಮೂರು ದಿನಕ್ಕೆ 6,000. ಅಂದರೆ ಸ್ಟಾಕ್ 20,000ಕ್ಕೆ ಇಳಿದ ದಿನವೇ ಫೋನ್ ಮಾಡಬೇಕು. ಇದಕ್ಕೆ ರೀಆರ್ಡರ್ ಪಾಯಿಂಟ್ ಅಂತಾರೆ. ಆ ಏಳು ದಿನ ಲೀಡ್ ಟೈಮ್, ಮೂರು ದಿನದ್ದು ಸೇಫ್ಟಿ ಸ್ಟಾಕ್. ಡಿಪ್ಲೊಮಾದಲ್ಲಿ ಒಂದು ಇಡೀ ಅಧ್ಯಾಯ ಇದರ ಮೇಲೇ ಇರುತ್ತದೆ.

ನಾನೂ ಶುರು ಮಾಡಿದ್ದು ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ಒಂದು ರಾತ್ರಿ ಕನ್ವೇಯರ್‌ನ ಬೇರಿಂಗ್ ಹೋಯಿತು. ಲೆಡ್ಜರ್‌ನಲ್ಲಿ ಎರಡು ಇದ್ದವು, ರ್‍ಯಾಕ್‌ನಲ್ಲಿ ಒಂದೂ ಇರಲಿಲ್ಲ. ಹಿಂದಿನ ತಿಂಗಳು ಯಾರೋ ತೆಗೆದುಕೊಂಡಿದ್ದರು, ಚೀಟಿ ಬರೆದಿರಲಿಲ್ಲ. ಬೇರಿಂಗ್ ಹುಬ್ಬಳ್ಳಿಯಿಂದ ಬರುವವರೆಗೆ ಲೈನ್ ನಿಂತಿತು. ಮರುದಿನದಿಂದ ಬೆಳಿಗ್ಗೆ ಹತ್ತು ಐಟಂ ಕೈಯಾರೆ ಎಣಿಸಿ ಲೆಡ್ಜರ್ ಜೊತೆ ತಾಳೆ ನೋಡುವುದು ರೂಢಿಯಾಯಿತು. ಈಗಲೂ ಹೊಸಬರಿಗೆ ಮೊದಲು ಕಲಿಸುವುದು ಅದನ್ನೇ. ಸಾಫ್ಟ್‌ವೇರ್ ಆಮೇಲೆ.

ಮುಂದಿನ ಹೆಜ್ಜೆಗೆ ಬೆಂಗಳೂರೇ ಬೇಕಿಲ್ಲ. ಗಿಣಿಗೇರಿ ಸುತ್ತ ಉಕ್ಕಿನ ಘಟಕಗಳಿವೆ. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆ ಇದೆ, ಅದಕ್ಕೆ ಸಾಮಾನು ಪೂರೈಸುವ ಗುತ್ತಿಗೆದಾರರು, ಸಾಗಣೆ ಕಂಪನಿಗಳಿವೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ರೇಕ್, ಅಂದರೆ ಇಡೀ ಗೂಡ್ಸ್ ರೈಲು, ಬಂದ ಮೇಲೆ ಕೊಟ್ಟ ಗಂಟೆಗಳೊಳಗೆ ವ್ಯಾಗನ್ ಖಾಲಿ ಮಾಡದಿದ್ದರೆ ರೈಲ್ವೆಗೆ ಡೆಮರೇಜ್, ಅಂದರೆ ತಡವಾದದ್ದಕ್ಕೆ ದಂಡ, ಕಟ್ಟಬೇಕು. ಅಂಥ ಕಡೆ ಗಡಿಯಾರ ನೋಡಿ ಕೆಲಸ ಮಾಡುವವರಿಗೆ ಬೆಲೆ ಇದೆ. ಸ್ಟೋರ್ಸ್ ಅಸಿಸ್ಟೆಂಟ್, ಡಿಸ್ಪ್ಯಾಚ್, ಪರ್ಚೇಸ್ ಅಸಿಸ್ಟೆಂಟ್, ಈ ಹೆಸರಿನ ಕೆಲಸಗಳಿಗೆ ಅರ್ಜಿ ಹಾಕಿ. ‘ಸಪ್ಲೈ ಚೈನ್ ಮ್ಯಾನೇಜರ್’ ಅಂತ ಹುಡುಕಿದರೆ ಸುಮ್ನೆ ಬೇಸರವಾಗುತ್ತದೆ. ಮೊದಲ ಸಂಬಳ ಮಿಲ್‌ಗಿಂತ ಬಹಳ ಹೆಚ್ಚಿರಲಿಕ್ಕಿಲ್ಲ. ಆದರೆ ದೊಡ್ಡ ಕಾರ್ಖಾನೆಗಳಲ್ಲಿ ಖರೀದಿ, ಸ್ಟಾಕ್ ಲೆಕ್ಕ ಇಡುವ ಎಸ್‌ಎಪಿ ಥರದ ಸಾಫ್ಟ್‌ವೇರ್ ಮೇಲೆ ಕೈ ಕೂರುತ್ತದೆ. ಅದನ್ನು ಹೊರಗೆ ದುಡ್ಡು ಕೊಟ್ಟು ಕಲಿತದ್ದಕ್ಕಿಂತ ಕೆಲಸದಲ್ಲಿ ಕಲಿತದ್ದು ಗಟ್ಟಿ.

ಅಲ್ಲಿಯವರೆಗೆ ಓದು ನಿಲ್ಲಿಸಬೇಡಿ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಅಧ್ಯಾಪಕರ ಸಪ್ಲೈ ಚೈನ್ ಪಾಠಗಳನ್ನು ಉಚಿತವಾಗಿ ಕೇಳಬಹುದು. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಶುಲ್ಕ. ಒಂದೆರಡು ವರ್ಷ ಸ್ಟೋರ್ಸ್ ಅಥವಾ ಪರ್ಚೇಸ್‌ನಲ್ಲಿ ಕಳೆದ ಮೇಲೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್‌ನ ಡಿಪ್ಲೊಮಾ ನೋಡಿ. ಕೆಲಸ ಮಾಡುತ್ತಲೇ ಓದಬಹುದು. ಸಿಪಿಐಎಂ (ಸ್ಟಾಕ್ ಯೋಜನೆಯದ್ದು), ಸಿಎಸ್‌ಸಿಪಿ (ಸಪ್ಲೈ ಚೈನ್‌ನದ್ದು) ಥರದ ವಿದೇಶಿ ಸರ್ಟಿಫಿಕೇಟ್‌ಗಳು ದುಬಾರಿ. ಅವನ್ನು ಕಂಪನಿ ಖರ್ಚು ಕೊಡುವ ಕಾಲಕ್ಕೆ ಇಟ್ಟುಕೊಳ್ಳಿ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಈ ಕೆಲಸಕ್ಕೆ ಭಾಷಣ ಬೇಕಿಲ್ಲ. ‘ನಿಮ್ಮ ಲಾರಿ ಬಂದಿಲ್ಲ, ಯಾವಾಗ ಬರುತ್ತದೆ, ಇಷ್ಟು ಕಡಿಮೆ ಬಂದಿದೆ’ ಅಂತ ನಾಲ್ಕು ಸಾಲಿನ ಮೇಲ್ ತಪ್ಪಿಲ್ಲದೆ ಬರೆಯಲು ಬಂದರೆ ಶುರು ಮಾಡಬಹುದು. ದಿನಕ್ಕೊಂದು ಬರೆಯಿರಿ. ಜೊತೆಗೆ ಹಮಾಲರ ಹತ್ತಿರ, ಡ್ರೈವರ್‌ಗಳ ಹತ್ತಿರ ನಮ್ಮ ಭಾಷೆಯಲ್ಲಿ ಮಾತಾಡಿ ಕೆಲಸ ಮಾಡಿಸಲು ನಿಮಗೆ ಬರುತ್ತದೆ. ಇಂಗ್ಲಿಷ್ ಚೆನ್ನಾಗಿರುವ ಎಷ್ಟೋ ಎಂಬಿಎ ಹುಡುಗರು ಇದನ್ನು ಇಲ್ಲಿ ಬಂದೇ ಕಲಿಯಬೇಕಾಗುತ್ತದೆ.

ಆ ಸಂಸ್ಥೆಯವರು ಮತ್ತೆ ಫೋನ್ ಮಾಡಿದರೆ ಒಂದೇ ಮಾತು ಕೇಳಿ: ಕಳೆದ ವರ್ಷ ನಿಮ್ಮಲ್ಲಿ ಓದಿದ ಬಿ.ಕಾಂ. ಹುಡುಗರು ಈಗ ಯಾವ ಕಂಪನಿಯಲ್ಲಿ, ಯಾವ ಹುದ್ದೆಯಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಿಸುತ್ತೀರಾ? ಈ ವಾರವೇ ಮಾಲೀಕರ ಹತ್ತಿರ ಹೋದ ವರ್ಷದ ಚೀಲದ ಬಿಲ್ಲುಗಳನ್ನು ಕೇಳಿ ತೆಗೆದುಕೊಳ್ಳಿ. ಯಾವ ದಿನ ಆರ್ಡರ್, ಯಾವ ದಿನ ಚೀಲ ಬಂತು ಅಂತ ಬರೆಯುತ್ತಾ ಹೋಗಿ. ಏಳು ದಿನ ಅಂತ ನಾನು ಅಂದಾಜಿಗೆ ಹೇಳಿದ್ದು. ನಿಮ್ಮ ಮಿಲ್ಲಿನ ನಿಜವಾದ ಲೆಕ್ಕ ಆ ಬಿಲ್ಲುಗಳಲ್ಲಿದೆ.